ಕೆರೆಯಂಚಿನ ಗಿಡ ಮತ್ತು ನಾನು ಹೇಳಿದ ತಪ್ಪು ಹೆಸರು

ಶಾಲಾ ಇಂಟರ್ನ್‌ಶಿಪ್‌ನ ಎರಡನೇ ವಾರ, ಡಿಸೆಂಬರ್ ತಿಂಗಳ ಮೊದಲ ದಿನಗಳು. ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಗೆ ನಾನು ‘ಹೂವಿನ ಭಾಗಗಳು’ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ನಮ್ಮ ಕಾಲೇಜಿನ ಮೇಲ್ವಿಚಾರಕರು ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದರು. ಮೇಜಿನ ಮೇಲೆ ದಾಸವಾಳದ ಹೂಗಳಿದ್ದವು. ಪುಷ್ಪಪತ್ರ, ದಳ, ಕೇಸರ, ಶಲಾಕೆ ಎಂದು ನಾಲ್ಕು ಸುತ್ತುಗಳನ್ನು ಬಿಡಿಸಿ ತೋರಿಸಿದ್ದೆ. ಮಕ್ಕಳು ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದರು. ಪಾಠ ಯೋಜನೆಯ ಪ್ರಕಾರ ಮೌಲ್ಯಮಾಪನದ ಹಂತ ಉಳಿದಿತ್ತು. ಕೈಗಡಿಯಾರ ಆರು ನಿಮಿಷ ಬಾಕಿ ಎನ್ನುತ್ತಿತ್ತು.

ಆಗ ಎರಡನೇ ಬೆಂಚಿನ ಒಬ್ಬ ಹುಡುಗಿ ಚೀಲದಿಂದ ಒಂದು ಕಡ್ಡಿ ಹೊರತೆಗೆದಳು. ಕೆಂಪು ಛಾಯೆಯ ಕಾಂಡ, ಉದ್ದನೆಯ ಎಲೆಗಳು, ತುದಿಯಲ್ಲಿ ಗುಲಾಬಿ ಬಣ್ಣದ ಸಣ್ಣ ಸಣ್ಣ ಹೂಗಳ ತೆನೆಗಳು. “ಮಿಸ್, ಕೆರೆ ಹತ್ರ ಸಿಕ್ತು. ಇದ್ರಲ್ಲಿ ಪುಷ್ಪಪತ್ರ ಯಾವ್ದು, ದಳ ಯಾವ್ದು?” ಎಂದು ಕೇಳಿದಳು.

ನಾನು ದೂರದಿಂದಲೇ ನೋಡಿದೆ. ಗುಲಾಬಿ ತೆನೆ ಕಂಡಿತು. ಹೊಲದ ಬದುಗಳಲ್ಲಿ ನೋಡಿದ್ದ ಅಣ್ಣೆ ಸೊಪ್ಪಿನ ಹೂ ನೆನಪಾಯಿತು. “ಇದು ಅಣ್ಣೆ ಸೊಪ್ಪಿನ ಜಾತಿ. ಹೂ ತುಂಬಾ ಚಿಕ್ಕದು, ಭಾಗಗಳನ್ನು ಆಮೇಲೆ ನೋಡೋಣ” ಎಂದು ಹೇಳಿ ಮೌಲ್ಯಮಾಪನದ ಪ್ರಶ್ನೆಗಳಿಗೆ ಹೋದೆ. ಆ ‘ಆಮೇಲೆ’ ಅವತ್ತು ಬರಲೇ ಇಲ್ಲ. ವೀಕ್ಷಣಾ ಪುಸ್ತಕದಲ್ಲಿ ‘ವಿಷಯ ಜ್ಞಾನ: ಉತ್ತಮ. ವಿದ್ಯಾರ್ಥಿಗಳ ಪ್ರಶ್ನೆಗೆ ತಕ್ಷಣ ಸ್ಪಂದಿಸಿದ್ದಾರೆ’ ಎಂಬ ಷರಾ ಬಂತು. ಸಂತೋಷದಿಂದಲೇ ಸಹಿ ಮಾಡಿದೆ.

ಮರುದಿನ ಆ ಹುಡುಗಿ ತಲೆ ಎತ್ತಲಿಲ್ಲ. ಪಕ್ಕದ ಗೆಳತಿಯೇ ಬಾಯಿಬಿಟ್ಟಳು. “ಮಿಸ್, ನೀವು ಅಣ್ಣೆ ಸೊಪ್ಪು ಅಂದ್ರಲ್ಲ, ಇವ್ಳು ಸಾಯಂಕಾಲ ಕೆರೆ ಹತ್ರ ಹೋಗಿ ಕುಡಿ ಎಲ್ಲ ಚಿವುಟ್ಕೊಂಡು ಹೋದ್ಲು, ಬೆರಕೆ ಸೊಪ್ಪಿನ ಸಾರಿಗೆ ಅಂತ. ಇವ್ರಜ್ಜಿ ಎಲ್ಲಾ ತಿಪ್ಪೆಗೆ ಸುರಿದ್ರು. ಚೆನ್ನಾಗಿ ಬೈದ್ರು.”

“ಅಜ್ಜಿ ಏನಂದ್ರು?” ಎಂದೆ.

ಹುಡುಗಿ ನೆಲ ನೋಡುತ್ತಲೇ ಹೇಳಿದಳು: “ಇದು ನೀರುಕಣಗಿಲೆ, ಇದನ್ನ ಯಾರಾದ್ರೂ ಸಾರಿಗೆ ಹಾಕ್ತಾರಾ ಅಂದ್ರು. ಮಿಸ್ಸೇ ಹೇಳಿದ್ದು ಅಂದೆ. ಸುಳ್ಳು ಹೇಳ್ಬೇಡ ಅಂದ್ರು.”

ನನ್ನ ಎದೆ ಧಸಕ್ಕೆಂದಿತು. ಕಣಗಿಲೆಯ ಎಲ್ಲ ಭಾಗವೂ ವಿಷ ಎಂಬುದು ನನಗೆ ಗೊತ್ತಿತ್ತು. ನಾನು ವಿಷದ ಗಿಡಕ್ಕೆ ಸೊಪ್ಪಿನ ಹೆಸರು ಕೊಟ್ಟು ಮಗುವಿನ ಕೈಲಿ ಮನೆಗೆ ಕಳಿಸಿದೆನೇ? ಬೆರಕೆ ಸೊಪ್ಪು ಆರಿಸುವುದು ನಮ್ಮ ಕಡೆಯ ಹೆಂಗಸರ ದೊಡ್ಡ ವಿದ್ಯೆ. ಅಣ್ಣೆ, ಹೊನಗೊನ್ನೆ, ಗಣಿಕೆ ಎಂದು ಹತ್ತಾರು ಕುಡಿಗಳನ್ನು ಕಣ್ಣಲ್ಲೇ ಬೇರ್ಪಡಿಸುತ್ತಾರೆ. ಆ ವಿದ್ಯೆಯ ಮನೆಯೊಳಕ್ಕೆ ನನ್ನ ಮಾತು ತಪ್ಪು ಚೀಟಿ ಅಂಟಿಸಿಕೊಂಡು ಹೋಗಿತ್ತು. ಅಜ್ಜಿ ಮನೆಯಲ್ಲಿ ಇರದಿದ್ದರೆ ಅದು ಪಾತ್ರೆಗೂ ಬೀಳುತ್ತಿತ್ತು. ಜೊತೆಗೆ, ನಿಜ ಹೇಳಿದ ಮಗು ಸುಳ್ಳಿಯಾಗಿದ್ದಳು.

ಮಾರ್ಗದರ್ಶಕ ಶಿಕ್ಷಕರಿಗೆ ನಡೆದದ್ದನ್ನು ಹೇಳಿದೆ. ಅವರು ಗದರಲಿಲ್ಲ. “ಮೊದಲು ಅಜ್ಜಿ ಹತ್ರ ಹೋಗಿ ಬನ್ನಿ, ಆಮೇಲೆ ಪುಸ್ತಕ” ಎಂದರು. ಸಾಯಂಕಾಲ ಸಹ ಪ್ರಶಿಕ್ಷಣಾರ್ಥಿ ಒಬ್ಬಳನ್ನು ಕರೆದುಕೊಂಡು ಹುಡುಗಿಯ ಮನೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. “ಅಜ್ಜಿ, ನಿಮ್ಮ ಮೊಮ್ಮಗಳು ಸುಳ್ಳು ಹೇಳ್ಲಿಲ್ಲ. ತಪ್ಪು ಹೇಳಿದ್ದು ನಾನೇ” ಎಂದೆ. ಅಜ್ಜಿ ನನ್ನ ಮುಖ ನೋಡಿ, “ಕೂತ್ಕೊಳ್ಳಿ ಮೇಡಮ್ಮೋರೆ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಬೇಕು ಕಣವ್ವ. ಬಾಯಿಗಿಡೋ ವಿಷ್ಯ ಅಲ್ವಾ?” ಎಂದರು. ಮೊಮ್ಮಗಳ ಕಡೆ ತಿರುಗಿ, “ಕಾಫಿ ಇಡ್ಹೋಗು” ಎಂದರು. ಆ ಮನೆಯಲ್ಲಿ ಅವಳ ಮಾತು ಮತ್ತೆ ನಿಜವಾಯಿತು ಎಂಬುದು ಅವಳು ಒಳಗೆ ಓಡಿದ ರೀತಿಯಿಂದಲೇ ತಿಳಿಯಿತು.

“ಇದು ಕಣಗಿಲೆ ಥರ ವಿಷಾನಾ?” ಎಂದು ಕೇಳಿದೆ. ಅಜ್ಜಿ ನಕ್ಕರು. “ಎಲೆ ಕಣಗಿಲೆ ಥರ ಇರತ್ತೆ, ನೀರಲ್ಲಿ ಬೆಳೆಯತ್ತೆ, ಅದ್ಕೆ ನೀರುಕಣಗಿಲೆ. ಸೊಪ್ಪಿಗಂತೂ ನಾವು ಕೀಳಲ್ಲ” ಎಂದರು. ಹೆಸರಿನ ಹಿಂದೆ ಒಂದು ನೋಟವಿತ್ತು. ನನ್ನ ಉತ್ತರದ ಹಿಂದೆ ಅದೂ ಇರಲಿಲ್ಲ.

ಕಾಫಿ ಕುಡಿದು ಕೆರೆಗೆ ಹೋದೆವು. ನೀರು ಸ್ವಲ್ಪ ಹಿಂದೆ ಸರಿದಿತ್ತು. ಕೆಸರಂಚಿನಲ್ಲಿ ಈ ಗಿಡಗಳು ಸೊಂಟದೆತ್ತರಕ್ಕೆ ಒತ್ತಾಗಿ ನಿಂತಿದ್ದವು. ಫೋನಿನಲ್ಲಿ ಫೋಟೋ ತೆಗೆದು ಒಂದು ಆ್ಯಪ್‌ಗೆ ಹಾಕಿದೆ. ಮೂರು ಫೋಟೋಗಳಿಗೆ ಮೂರು ಹೆಸರು ಬಂದವು. ಹೆಸರು ಬೇಕೆನ್ನುವ ನನ್ನ ಅವಸರಕ್ಕೆ ಯಂತ್ರವೂ ಅವಸರದ ಉತ್ತರವನ್ನೇ ಕೊಟ್ಟಿತು. ಫೋನ್ ಚೀಲಕ್ಕೆ ಹಾಕಿ, ಪದವಿಯ ಪ್ರಯೋಗಾಲಯದಲ್ಲಿ ಕಲಿತದ್ದನ್ನು ನೆನಪಿಸಿಕೊಂಡೆ: ಹೂವಿನ ಬಣ್ಣ ಬಿಟ್ಟು, ಮೊದಲು ಕಾಂಡ ನೋಡು, ಎಲೆ ಎಲ್ಲಿ ಹುಟ್ಟುತ್ತದೆ ನೋಡು.

ನೋಡಿದೆವು. ಕಣಗಿಲೆಯಲ್ಲಿ ಸಾಮಾನ್ಯವಾಗಿ ಒಂದೊಂದು ಗಿಣ್ಣಿನಲ್ಲಿ ಮೂರು ಎಲೆಗಳು ಸುತ್ತ ನಿಂತಿರುತ್ತವೆ. ಈ ಗಿಡದಲ್ಲಿ ಗಿಣ್ಣಿಗೆ ಒಂದೇ ಎಲೆ, ಒಂದು ಈ ಕಡೆ, ಮುಂದಿನದು ಆ ಕಡೆ. ಅಂದರೆ ಕಣಗಿಲೆ ಅಲ್ಲ. ಗಿಣ್ಣುಗಳು ಸ್ವಲ್ಪ ಉಬ್ಬಿದ್ದವು. ನೆಲಕ್ಕೆ ತಾಗಿದ ಗಿಣ್ಣುಗಳಿಂದ ಬೇರು ಇಳಿದಿತ್ತು. ಮತ್ತು ಪ್ರತಿ ಗಿಣ್ಣಿನ ಮೇಲೂ ಕಾಂಡವನ್ನು ಸುತ್ತಿಕೊಂಡು ತೆಳ್ಳನೆಯ, ಕಾಗದದಂಥ ಒಂದು ಕೊಳವೆ ಇತ್ತು. ಎಲೆಯ ತೊಟ್ಟು ಆ ಕೊಳವೆಯ ಬದಿಯಿಂದಲೇ ಹೊರಟಿತ್ತು.

ಆ ಕೊಳವೆ ಕಂಡಾಗ ಮರೆತಿದ್ದ ಒಂದು ಪುಟ ತೆರೆದಂತಾಯಿತು. ಎಲೆಯ ಬುಡದ ಕಾವಿನೆಲೆಗಳು ಕೂಡಿಕೊಂಡು ಕಾಂಡದ ಸುತ್ತ ಒರೆಯಂತಾಗುವುದಕ್ಕೆ ಸಸ್ಯಶಾಸ್ತ್ರದಲ್ಲಿ ಓಕ್ರಿಯ ಎನ್ನುತ್ತಾರೆ. ಪಾಲಿಗೊನೇಸೀ ಕುಟುಂಬದ ಗುರುತಿನ ಚಹರೆ ಅದು. ಉತ್ತರ ಭಾರತದಲ್ಲಿ ನವರಾತ್ರಿಯ ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟು, ಅಂದರೆ ಬಕ್‌ವೀಟ್, ಇದೇ ಕುಟುಂಬದ್ದು. ಅದರಿಂದಲೇ ಇದನ್ನು ಬಕ್‌ವೀಟ್ ಕುಟುಂಬ ಎಂದೂ ಕರೆಯುತ್ತಾರೆ. ಅಣ್ಣೆ ಸೊಪ್ಪಿಗೆ ಕಾವಿನೆಲೆಗಳೇ ಇಲ್ಲ, ಒರೆ ಎಲ್ಲಿಂದ ಬರಬೇಕು? ಮೊದಲ ದಿನ ಎರಡು ಹೆಜ್ಜೆ ನಡೆದು ಆ ಕಡ್ಡಿಯನ್ನು ಕೈಗೆ ತೆಗೆದುಕೊಂಡಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

ಕುಟುಂಬ ಸಿಕ್ಕಿತು, ಗಿಡ ಇನ್ನೂ ಸಿಕ್ಕಿರಲಿಲ್ಲ. ಕೆರೆಯ ಅಂಚಿನಲ್ಲಿ ಇನ್ನೂ ಸ್ವಲ್ಪ ದೂರ ನಡೆದಾಗ ಅದೇ ಥರದ ಎಲೆಯ, ಆದರೆ ಬಿಳಿ ಹೂವಿನ ಗಿಡಗಳೂ ಕಂಡವು. ಎರಡರದ್ದೂ ಒಂದೊಂದು ಕಡ್ಡಿ ತಂದು ಅಜ್ಜಿಗೆ ತೋರಿಸಿದೆವು. “ಅದೂ ನೀರುಕಣಗಿಲೆನೇ, ಇದೂ ನೀರುಕಣಗಿಲೆನೇ” ಎಂದರು. ಕೈಮಸೂರದಲ್ಲಿ ನೋಡಿದಾಗ ಎರಡು ಒರೆಗಳೂ ಒಂದೇ ಥರ ಇರಲಿಲ್ಲ. ಬಿಳಿ ಹೂವಿನ ಗಿಡದಲ್ಲಿ ಒರೆಯ ಮೇಲಂಚಿನಿಂದ ಉದ್ದನೆಯ ಬಿರುಗೂದಲುಗಳು ಗಡ್ಡದಂತೆ ನಿಂತಿದ್ದವು. ಗುಲಾಬಿ ಹೂವಿನದರಲ್ಲಿ ಅಂಚು ಬೋಳಾಗಿತ್ತು, ಕತ್ತರಿಸಿದ ಹಾಗೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಪದವಿ ಓದಿದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಹೋದೆ. ಸಲ್ಡಾನ ಮತ್ತು ನಿಕೋಲ್ಸನ್ ಸಂಪಾದಿಸಿ 1976ರಲ್ಲಿ ಹೊರಬಂದ ಹಾಸನ ಜಿಲ್ಲೆಯ ಸಸ್ಯಸಂಪುಟ ಅಲ್ಲಿದೆ. ನಮ್ಮದೇ ಜಿಲ್ಲೆಯ ಗಿಡಗಳ ಮೇಲೆ ಅಂಥದ್ದೊಂದು ಗ್ರಂಥವಿದ್ದೂ ಪದವಿಯ ಮೂರು ವರ್ಷ ಅದನ್ನು ತೆರೆದಿರಲಿಲ್ಲ. ಈ ಗುಂಪಿನ ಗಿಡಗಳನ್ನು ಬೇರ್ಪಡಿಸುವಾಗ ಒರೆಯ ಅಂಚಿನಲ್ಲಿ ಕೂದಲಿದೆಯೇ ಇಲ್ಲವೇ ಎಂಬುದೇ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಗಡ್ಡದ ಗಿಡ ಪರ್ಸಿಕೇರಿಯ ಬಾರ್ಬೇಟ. ಬೋಳು ಅಂಚಿನ ಗಿಡ ಪರ್ಸಿಕೇರಿಯ ಗ್ಲಾಬ್ರ. ಹಳೆಯ ಪುಸ್ತಕಗಳಲ್ಲಿ ಇವು ಪಾಲಿಗೋನಮ್ ಎಂಬ ಹೆಸರಿನಡಿ ಇರುತ್ತವೆ. ಎರಡೂ ನಮ್ಮ ನೆಲದ್ದೇ ಗಿಡಗಳು. ಅದೇ ಕೆರೆಯಲ್ಲಿ ನೇರಳೆ ಹೂ ಬಿಟ್ಟು ಎಲ್ಲರ ಕಣ್ಣು ಸೆಳೆಯುವ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದಿಂದ ಬಂದದ್ದು.

ಹೆಸರುಗಳ ಅರ್ಥ ನೋಡಿದಾಗ ಅಜ್ಜಿಯ ಮಾತು ಮತ್ತೆ ನೆನಪಾಯಿತು. ಪರ್ಸಿಕೇರಿಯ ಎಂದರೆ ಪೀಚ್ ಮರದಂಥ ಎಲೆಯುಳ್ಳದ್ದು. ಯುರೋಪಿನವರಿಗೆ ಆ ಎಲೆಯಲ್ಲಿ ತಮ್ಮ ಪೀಚ್ ಕಂಡಿದೆ, ನಮ್ಮವರಿಗೆ ಕಣಗಿಲೆ. ತೆಲುಗಿನವರು ನೀರು ಗನ್ನೇರು ಎನ್ನುತ್ತಾರೆ, ತಮಿಳಿನವರು ಆಟ್ರಲರಿ ಎನ್ನುತ್ತಾರೆ. ಮೊದಲನೆಯದು ನೀರಿನ ಕಣಗಿಲೆ, ಎರಡನೆಯದು ಹೊಳೆಯ ಕಣಗಿಲೆ. ಪಾಲಿಗೋನಮ್ ಎಂದರೆ ಹಲವು ಮೊಣಕಾಲುಗಳದ್ದು, ಉಬ್ಬಿದ ಗಿಣ್ಣುಗಳಿಂದ ಬಂದ ಹೆಸರು. ಗ್ಲಾಬ್ರ ಎಂದರೆ ಕೂದಲಿಲ್ಲದ್ದು, ಬಾರ್ಬೇಟ ಎಂದರೆ ಗಡ್ಡದ್ದು. ಅಡುಗೆಗೆ ಕೀಳಬಾರದು ಎಂದು ತಿಳಿಯಲು ಅಜ್ಜಿಯ ಒಂದು ಹೆಸರು ಸಾಕು. ಎರಡು ಪ್ರಭೇದಗಳನ್ನು ಬೇರೆಯಾಗಿ ನೋಡಬೇಕಾದರೆ ಪುಸ್ತಕದ ಎರಡು ಹೆಸರು ಬೇಕು. ನನ್ನ ಉತ್ತರ ಎರಡಕ್ಕೂ ಉಪಯೋಗಕ್ಕೆ ಬಾರದ್ದಾಗಿತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು: ಹುಡುಗಿ ಅವತ್ತು ತರಗತಿಗೆ ತಂದದ್ದು ಎರಡರಲ್ಲಿ ಯಾವುದು? ಸೋಮವಾರ ಕೇಳಿದಾಗ ಅವಳು ವಿಜ್ಞಾನದ ನೋಟ್ಸ್ ತೆರೆದಳು. ಕಡ್ಡಿಯನ್ನು ಎಸೆದಿರಲಿಲ್ಲ. ದಾಸವಾಳದ ಚಿತ್ರದ ಎದುರು ಪುಟದಲ್ಲಿ ಒತ್ತಿಟ್ಟಿದ್ದಳು. ಒಣಗಿದ್ದರೂ ಗಿಣ್ಣಿನ ಒರೆ ಹಾಗೇ ಇತ್ತು, ಅಂಚು ಬೋಳು. ಅದರ ಕೆಳಗೆ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದಳು: ‘ಅಣ್ಣೆ ಸೊಪ್ಪಿನ ಜಾತಿ’.

ನನ್ನ ತಪ್ಪು ಅವಳ ಅಂದವಾದ ಕೈಬರಹದಲ್ಲಿ ಇತ್ತು. ಈ ಇಡೀ ಪ್ರಸಂಗದಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಅದನ್ನು ನೋಡಿದಾಗ. ಅಜ್ಜಿ ತಿಪ್ಪೆಗೆ ಎಸೆದ ಮೇಲೂ ಅವಳು ಅದನ್ನು ಅಳಿಸಿರಲಿಲ್ಲ, ಏಕೆಂದರೆ ಅದು ಮಿಸ್ ಹೇಳಿದ್ದು.

ಅವತ್ತಿನ ಪಾಠವನ್ನು ಹೊಸದಾಗಿ ಯೋಜಿಸಿದ್ದೆ. ಮೊದಲ ವಾಕ್ಯವನ್ನು ಹಿಂದಿನ ರಾತ್ರಿಯೇ ಬರೆದುಕೊಂಡಿದ್ದೆ: “ಹೋದ ಮಂಗಳವಾರ ನಾನು ಒಂದು ಗಿಡದ ಹೆಸರನ್ನು ಸರಿಯಾಗಿ ನೋಡದೆ ಹೇಳಿದೆ. ಅದು ತಪ್ಪು. ಇವತ್ತು ಹೇಗೆ ತಪ್ಪಾಯಿತು ಅಂತ ನೀವೇ ಕಂಡುಹಿಡಿಯಿರಿ.” ಹೇಳುವಾಗ ಗಂಟಲು ಒಣಗಿತ್ತು. ತರಗತಿಯ ಶಿಸ್ತು ಕೈತಪ್ಪಬಹುದು ಎಂದು ಹೆದರಿದ್ದೆ. ಹಾಗಾಗಲಿಲ್ಲ. ಅಷ್ಟು ನಿಶ್ಶಬ್ದ ನಾನು ಆ ತರಗತಿಯಲ್ಲಿ ಅದಕ್ಕೂ ಮೊದಲು ಕೇಳಿರಲಿಲ್ಲ.

ಐದು ಗುಂಪುಗಳಿಗೆ ಮೂರು ಮೂರು ಗಿಡ ಕೊಟ್ಟೆ: ಹೊಲದಿಂದ ತಂದ ಅಣ್ಣೆ ಸೊಪ್ಪು, ಕೆರೆಯ ಗುಲಾಬಿ ಹೂವಿನ ಗಿಡ, ಸಂತೆಯಲ್ಲಿ ಕೊಂಡ ಚುಕ್ಕೆ ಸೊಪ್ಪು. ಕಣಗಿಲೆಯ ಒಂದು ಕೊಂಬೆಯನ್ನು ನನ್ನ ಮೇಜಿನ ಮೇಲೇ ಇಟ್ಟು, ಮುಟ್ಟದೆ ನೋಡಬೇಕು ಎಂದೆ. ಯಾವ ಗಿಡವನ್ನೂ ಬಾಯಿಗಿಡಬಾರದು, ಕೊನೆಗೆ ಎಲ್ಲರೂ ಕೈ ತೊಳೆಯಬೇಕು ಎಂದು ಮೊದಲೇ ತಿಳಿಸಿದೆ. ಹಲಗೆಯ ಮೇಲೆ ಮೂರೇ ಪ್ರಶ್ನೆ ಬರೆದೆ: ಒಂದು ಗಿಣ್ಣಿನಲ್ಲಿ ಎಷ್ಟು ಎಲೆ? ಗಿಣ್ಣಿನ ಸುತ್ತ ಏನಾದರೂ ಇದೆಯೇ? ಹೂವಿನಲ್ಲಿ ಎಷ್ಟು ಸುತ್ತು ಕಾಣುತ್ತದೆ?

ಎರಡನೇ ಪ್ರಶ್ನೆಗೆ ಒಂದು ಗುಂಪು “ಕೆರೆ ಗಿಡ ಕಾಲುಚೀಲ ಹಾಕ್ಕೊಂಡಿದೆ ಮಿಸ್” ಎಂದಿತು. ಅವತ್ತಿನಿಂದ ಆ ತರಗತಿಯಲ್ಲಿ ಓಕ್ರಿಯದ ಹೆಸರು ಕಾಲುಚೀಲ. ಚುಕ್ಕೆ ಸೊಪ್ಪಿನ ಬುಡದಲ್ಲೂ ಕಾಲುಚೀಲ ಇದೆ ಎಂದು ಇನ್ನೊಂದು ಗುಂಪು ಕೂಗಿದಾಗ ನನಗೂ ರೋಮಾಂಚನವಾಯಿತು. ದಿನವೂ ಸಾರಿಗೆ ಬೀಳುವ ಹುಳಿ ಸೊಪ್ಪು ಕೆರೆಯ ಗಿಡದ ನೆಂಟ ಎಂದು ಅವರೇ ಕಂಡುಕೊಂಡಿದ್ದರು.

ಆಗ ಒಬ್ಬ ಹುಡುಗ ಎದ್ದು, “ಹಾಗಾದ್ರೆ ಕೆರೆ ಗಿಡಾನೂ ತಿನ್ನಬೋದಲ್ವಾ ಮಿಸ್? ನೆಂಟರಲ್ವಾ?” ಎಂದ. ನನ್ನ ಹಿಂದಿನ ತಪ್ಪಿನ ಬೇರು ಅಲ್ಲೇ ಇತ್ತು. ‘ಅಣ್ಣೆ ಸೊಪ್ಪಿನ ಜಾತಿ’ ಎಂದಾಗ ನಾನು ವರ್ಗೀಕರಣದ ಮಾತಾಡಿದ್ದೆ ಎಂದುಕೊಂಡಿದ್ದೆ. ಹುಡುಗಿಗೆ ಅದು ‘ಅಣ್ಣೆ ಸೊಪ್ಪಿನ ಹಾಗೆ ಬಳಸಬಹುದು’ ಎಂದು ಕೇಳಿಸಿತ್ತು. ನಾವು ‘ಜಾತಿ’, ‘ಥರ’, ‘ಗುಂಪು’ ಎಂಬ ಮಾತುಗಳನ್ನು ಎಷ್ಟು ಸಡಿಲವಾಗಿ ಬಳಸುತ್ತೇವೆ! ಹುಡುಗನಿಗೆ ಹೇಳಿದೆ: “ನೆಂಟರು ಅಂದ್ರೆ ಚಹರೆ ಹೋಲುತ್ತೆ ಅಂತ, ಗುಣ ಒಂದೇ ಅಂತ ಅಲ್ಲ. ಇದೇ ಪರ್ಸಿಕೇರಿಯಗಳಲ್ಲಿ ನೀರುಮೆಣಸು ಅನ್ನಬಹುದಾದ ಒಂದಿದೆ, ನಾಲಿಗೆ ಉರಿಸುತ್ತೆ. ತಿನ್ನೋ ವಿಷಯದಲ್ಲಿ ಕುಟುಂಬದ ಹೆಸರು ಸಾಕ್ಷಿ ಅಲ್ಲ.” ನಂತರ ಅವನೇ ಸೇರಿಸಿದ: “ಅಜ್ಜಿ ಸಾಕ್ಷಿ.” ತರಗತಿ ನಕ್ಕಿತು, ಎರಡನೇ ಬೆಂಚಿನ ಹುಡುಗಿಯೂ ನಕ್ಕಳು.

ಕೊನೆಗೆ ಅವಳ ಮೂಲ ಪ್ರಶ್ನೆಗೆ ಬಂದೆವು. ಪುಷ್ಪಪತ್ರ ಯಾವುದು, ದಳ ಯಾವುದು? ಕೈಮಸೂರದಲ್ಲಿ ಗುಲಾಬಿ ಹೂವನ್ನು ಸರದಿಯಂತೆ ನೋಡಿದರು. ಹೊರಗೆ ಐದು ಹಾಲೆಗಳ ಒಂದೇ ಸುತ್ತು, ಅದರೊಳಗೆ ನೇರವಾಗಿ ಕೇಸರಗಳು. ಒಬ್ಬರು ಆರು ಎಣಿಸಿದರು, ಇನ್ನೊಬ್ಬರು ಏಳು. ನಡುವೆ ತುದಿಯಲ್ಲಿ ಎರಡಾಗಿ ಸೀಳಿದ ಶಲಾಕೆ. “ಹಸಿರು ಸುತ್ತು ಇಲ್ವೇ ಇಲ್ಲ ಮಿಸ್” ಎಂದಳು ಅವಳು. ಹೌದು, ಈ ಹೂವಿನಲ್ಲಿ ಪುಷ್ಪಪತ್ರ ಬೇರೆ, ದಳ ಬೇರೆ ಎಂಬ ಭಾಗವೇ ಇಲ್ಲ, ಇರುವುದು ಒಂದೇ ಸುತ್ತು. ಅಂದರೆ ಅವಳು ಮೊದಲ ದಿನ ಕೇಳಿದ್ದು ಆ ಪಾಠದಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ. ದಾಸವಾಳ ಒಂದನ್ನೇ ತೋರಿಸಿ ಎಲ್ಲ ಹೂಗಳಿಗೂ ನಾಲ್ಕು ಸುತ್ತು ಇರುತ್ತವೆ ಎಂಬ ಭಾವನೆಯನ್ನು ನಾನು ಬಿತ್ತಿದ್ದೆ. ಅವಳು ಕೆರೆಯಂಚಿನಿಂದ ಅದಕ್ಕೆ ಒಂದು ಅಪವಾದ ತಂದಿದ್ದಳು. ಅವಳು ರಚನೆ ಕೇಳಿದರೆ ನಾನು ಹೆಸರು ಹೇಳಿ ಕೂರಿಸಿದ್ದೆ. ಹೆಸರು ಸರಿಯಾಗಿದ್ದರೂ ಅದು ಅವಳ ಪ್ರಶ್ನೆಗೆ ಉತ್ತರವಾಗುತ್ತಿರಲಿಲ್ಲ.

ನೋಟ್ಸಿನ ಆ ಪುಟವನ್ನು ಅಳಿಸಲು ಅವಳು ರಬ್ಬರ್ ತೆಗೆದಾಗ ಬೇಡ ಎಂದೆ. ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ ಮಾದರಿಗೆ ಹಿಂದಿನವರು ತಪ್ಪು ಹೆಸರು ಬರೆದಿದ್ದರೆ ಅದನ್ನು ಕಿತ್ತು ಹಾಕುವುದಿಲ್ಲ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ಸರಿಯಾದ ಹೆಸರು, ಗುರುತಿಸಿದವರು, ದಿನಾಂಕ ಬರೆಯುತ್ತಾರೆ. ಅದನ್ನು ಹೇಳಿದೆ. ಅವಳು ನನ್ನ ಮಾತಿನ ಮೇಲೆ ಒಂದು ಗೆರೆ ಎಳೆದು ಕೆಳಗೆ ಬರೆದಳು: ‘ನೀರುಕಣಗಿಲೆ (ಪರ್ಸಿಕೇರಿಯ ಗ್ಲಾಬ್ರ). ಗುರುತು: ಕಾಲುಚೀಲ ಇದೆ, ಅದಕ್ಕೆ ಗಡ್ಡ ಇಲ್ಲ. ಗುರುತಿಸಿದವರು: ಅಜ್ಜಿ, ಮಿಸ್ ಮತ್ತು ನಾನು.’

ಈ ಘಟನೆಯನ್ನು ಮೇಲ್ವಿಚಾರಕರಿಗೂ ಹೇಳಿದೆ. ಅವರು ತಮ್ಮ ಷರಾವನ್ನು ಮತ್ತೊಮ್ಮೆ ಓದಿ, “ತಕ್ಷಣ ಸ್ಪಂದಿಸಿದ್ದಾರೆ ಅಂತ ಬರೆದಿದ್ದೀನಿ. ಎಷ್ಟು ಬೇಗ ಅಂತ ನೋಡಿದೆ, ಯಾವ ಪ್ರಶ್ನೆಗೆ ಅಂತ ನೋಡಲಿಲ್ಲ” ಎಂದರು. ಇದನ್ನು ಈ ಸಂಚಿಕೆಗೆ ಬರೆಯಲು ಹೇಳಿದವರೂ ಅವರೇ.

ನನ್ನ ಪಾಠ ಯೋಜನೆಯಲ್ಲಿ ಈಗ ಎರಡು ಬದಲಾವಣೆಗಳಿವೆ. ಮೌಲ್ಯಮಾಪನಕ್ಕೂ ಮೊದಲು ಐದು ನಿಮಿಷವನ್ನು ‘ಮಕ್ಕಳು ತಂದದ್ದು’ ಎಂದು ಖಾಲಿ ಬಿಡುತ್ತೇನೆ. ಮತ್ತು ಗೊತ್ತಿಲ್ಲದ ಗಿಡ ಬಂದರೆ ಹೆಸರು ಹೇಳುವುದಿಲ್ಲ. ಅದನ್ನು ಕೈಗೆ ತೆಗೆದುಕೊಂಡು ‘ನನಗೆ ಗೊತ್ತಿಲ್ಲ, ನೋಡೋಣ’ ಎನ್ನುತ್ತೇನೆ. ಗಿಣ್ಣಿನಿಂದ ಶುರುಮಾಡಿ ಕಂಡದ್ದನ್ನು ಹಲಗೆಯ ಮೇಲೆ ಬರೆಸುತ್ತೇನೆ. ಎಲ್ಲಿ ಬೆಳೆದಿತ್ತು, ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿಕೊಂಡು ಬರಲು ಹೇಳುತ್ತೇನೆ. ಯಾವುದನ್ನೂ ಬಾಯಿಗಿಡಬೇಡಿ ಎಂದು ತಪ್ಪದೆ ಸೇರಿಸುತ್ತೇನೆ. ಮರುದಿನ ಆ ಗಿಡದ ಮಾತಿನಿಂದಲೇ ತರಗತಿ ಆರಂಭಿಸುತ್ತೇನೆ.

ಇಂಟರ್ನ್‌ಶಿಪ್ ಮುಗಿಯುವ ದಿನ ಆ ಹುಡುಗಿ ಒಂದು ಪೊಟ್ಟಣ ಕೊಟ್ಟಳು. ಬಿಡಿಸಿದರೆ ಹಸಿ ಕುಡಿಗಳು. “ಅಜ್ಜಿ ಕೊಟ್ಟಿದ್ದು ಮಿಸ್, ಅಣ್ಣೆ ಸೊಪ್ಪು. ಗಿಣ್ಣು ನೋಡ್ಕೊಂಡು ಸಾರು ಮಾಡ್ಬೇಕಂತೆ” ಎಂದಳು. ನೋಡಿದೆ. ಒಂದಕ್ಕೂ ಕಾಲುಚೀಲ ಇರಲಿಲ್ಲ.